12 ಚುಟ್ಟ, 6 ಗಂಟೆ: ರೊಕೆಯಾ ನಗಿಸಿದ ಬಗೆ

ಈ ಸಲ ಒಂದು ಲೆಕ್ಕದಿಂದ ಶುರು ಮಾಡೋಣ. ಒಂದು ಚುಟ್ಟ ಸೇದಿ ಮುಗಿಸೋಕೆ ಅರ್ಧ ಗಂಟೆ ಬೇಕು. ಒಬ್ಬ ಸಾಹೇಬ ದಿನಕ್ಕೆ 12 ಚುಟ್ಟ ಸೇದ್ತಾನೆ ಅಂತ ಇಟ್ಕೊಳ್ಳಿ. ಒಟ್ಟು 6 ಗಂಟೆ ಆಯ್ತು. ಅವನ ಕಚೇರಿ ಇರೋದು ದಿನಕ್ಕೆ 7 ಗಂಟೆ. ಹಾಗಾದ್ರೆ ಅವನು ಕೆಲಸ ಮಾಡೋದು ಎಷ್ಟು ಹೊತ್ತು?

ಇದು ನನ್ನ ಲೆಕ್ಕ ಅಲ್ಲ. ನಮ್ಮ ಟೆಕ್ ಪಾರ್ಕಿನ ಹೊರಗೆ ಟೀ ಅಂಗಡಿ ಹತ್ರ ನಿಂತಿರೋರನ್ನ ನೋಡಿ ಯಾರೋ ಮಾಡಿದ ತಮಾಷೆಯೂ ಅಲ್ಲ. 1905ರಲ್ಲಿ ಮದರಾಸಿನಿಂದ ಹೊರಡುತ್ತಿದ್ದ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಅನ್ನೋ ಪತ್ರಿಕೆಯಲ್ಲಿ ಅಚ್ಚಾದ ಲೆಕ್ಕ. ಕಥೆಯ ಹೆಸರು 'ಸುಲ್ತಾನಾಸ್ ಡ್ರೀಮ್'. ಬರೆದಾಕೆ ರೊಕೆಯಾ ಸಖಾವತ್ ಹುಸೇನ್, ಆಗ ಬಿಹಾರದ ಭಾಗಲ್ಪುರದಲ್ಲಿದ್ದ 25ರ ಆಸುಪಾಸಿನ ಗೃಹಿಣಿ. ಕಥೆಯಲ್ಲಿ ಹೆಂಗಸರ ರಾಜ್ಯವೊಂದಿದೆ. ಅಲ್ಲಿಯ ವಿಜ್ಞಾನಿ ಸಾರಾ ತನ್ನ ಪ್ರಯೋಗಶಾಲೆಯ ಕೆಲಸವನ್ನು 2 ಗಂಟೆಯಲ್ಲಿ ಮುಗಿಸಿ ಮನೆಗೆ ಬಂದು ಕಸೂತಿ ಹಾಕುತ್ತಾಳೆ. ಅದು ಹೇಗೆ ಸಾಧ್ಯ, ನಮ್ಮೂರಲ್ಲಿ ಅಧಿಕಾರಿಗಳಿಗೆ 7 ಗಂಟೆ ಬೇಕಲ್ಲ ಅಂತ ಸುಲ್ತಾನಾ ಕೇಳಿದಾಗ ಈ ಚುಟ್ಟದ ಲೆಕ್ಕ ಬರುತ್ತೆ. ಅಲ್ಲಿ ಅಧಿಕಾರಿಗಳಿಗೆ ಉದಾಹರಣೆಯಾಗಿ ಕೊಟ್ಟಿರೋದು ಯಾರನ್ನ ಗೊತ್ತಾ? ಮ್ಯಾಜಿಸ್ಟ್ರೇಟರನ್ನ. ರೊಕೆಯಾ ಅವರ ಯಜಮಾನರು ಸೈಯದ್ ಸಖಾವತ್ ಹುಸೇನರು ಡೆಪ್ಯುಟಿ ಮ್ಯಾಜಿಸ್ಟ್ರೇಟ್ ಆಗಿದ್ದರು!

ಆ ಕಥೆ ಹುಟ್ಟಿದ್ದನ್ನ ಮುಂದೆ ಅವರೇ ಹೇಳಿಕೊಂಡಿದ್ದಾರೆ. ಯಜಮಾನರು 2 ದಿನ ಟೂರ್ ಮೇಲೆ ಹೋಗಿದ್ದರು, ಮನೇಲಿ ಒಬ್ಬರೇ, ಹೊತ್ತು ಹೋಗಲಿ ಅಂತ ಇಂಗ್ಲಿಷಲ್ಲಿ ಏನೋ ಬರೆದರು. ಅವರು ವಾಪಸು ಬಂದು ಏನು ಮಾಡಿದೆ ಅಂತ ಕೇಳಿದಾಗ ಹಾಳೆಗಳನ್ನ ಕೈಗಿಟ್ಟರು. ಅವರು ಕೂತುಕೊಳ್ಳೋದನ್ನೂ ಮರೆತು ನಿಂತಲ್ಲೇ ಪೂರ್ತಿ ಓದಿ, ಇದು ಭಯಂಕರ ಸೇಡು ಅಂದರಂತೆ. ಬೇಜಾರಿನಿಂದ ಅಲ್ಲ, ಮೆಚ್ಚಿ. ಆಮೇಲೆ ಭಾಗಲ್ಪುರದ ಕಮಿಷನರ್ ಸಾಹೇಬರಿಗೆ ತಿದ್ದೋಕೆ ಅಂತ ಕಳಿಸಿದರು. ಆ ಇಂಗ್ಲಿಷ್ ಸಾಹೇಬ ಒಂದಕ್ಷರ ತಿದ್ದದೆ ಹೊಗಳಿ ವಾಪಸು ಕಳಿಸಿದ. ಈ ಭಾಗ ನನಗೆ ಬಹಳ ಇಷ್ಟ. ಯಾಕಂದ್ರೆ ಈಕೆ ಶಾಲೆಗೆ ಹೋದವರೇ ಅಲ್ಲ.

ಈಗ ಬಾಂಗ್ಲಾದೇಶದಲ್ಲಿರೋ ರಂಗಪುರದ ಪಾಯ್ರಾಬಂದ್ ಅನ್ನೋ ಹಳ್ಳಿಯ ಜಮೀನ್ದಾರರ ಮನೆ. 1880ರಲ್ಲಿ ಹುಟ್ಟು. ಗಂಡುಮಕ್ಕಳು ಕಲಕತ್ತೆಗೆ ಹೋಗಿ ಇಂಗ್ಲಿಷ್ ಓದಬಹುದು. ಹೆಣ್ಣುಮಕ್ಕಳಿಗೆ ಧರ್ಮಗ್ರಂಥ ಪಠಿಸುವಷ್ಟು ಅಕ್ಷರ ಸಾಕು, ಬಂಗಾಳಿ ಕಲಿಯೋದು ಕೂಡ ಕೂಡದು. ಅಣ್ಣ ಇಬ್ರಾಹಿಂ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಮೇಣದಬತ್ತಿ ಹಚ್ಚಿಕೊಂಡು ತಂಗಿಗೆ ಇಂಗ್ಲಿಷ್ ಹೇಳಿಕೊಟ್ಟ. ಅಕ್ಕ ಕರೀಮುನ್ನಿಸಾ ಬಂಗಾಳಿಯ ಕಡೆ ಒಲವು ಹತ್ತಿಸಿದಳು. ಹಾಗೆ ಕದ್ದು ಕಲಿತ ಭಾಷೆಯಲ್ಲಿ ಬರೆದ ಕಥೆ ಇದು.

ಕಥೆಯಲ್ಲಿ ಏನಿದೆ ಅಂತ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಸುಲ್ತಾನಾ ಕುರ್ಚಿಯಲ್ಲಿ ಕೂತಿದ್ದಾಗ ಕನಸಿಗೆ ಜಾರ್ತಾಳೆ. ಬೇರೊಂದು ದೇಶದ ಬೀದಿ, ಅಲ್ಲಿ ಒಬ್ಬ ಗಂಡಸೂ ಕಾಣಲ್ಲ. ಪರದೆ ಇಲ್ಲದೆ ನಡೆಯೋಕೆ ಇವಳಿಗೆ ನಾಚಿಕೆ, ಹೆದರಿಕೆ. ಹಾದುಹೋಗೋ ಹೆಂಗಸರು ಇವಳನ್ನ ನೋಡಿ, ಒಳ್ಳೇ ಗಂಡಸಿನ ಥರ ಇದಾಳಲ್ಲ ಅಂತ ನಗ್ತಾರೆ. ಯಾಕಂದ್ರೆ ಆ ನಾಡಿನಲ್ಲಿ 'ಗಂಡಸಿನ ಥರ' ಅಂದ್ರೆ ಅಂಜುಬುರುಕಿ ಅಂತ ಅರ್ಥ. ಒಂದೇ ಒಂದು ಪದದ ಅರ್ಥವನ್ನ ತಿರುಗಿಸಿಬಿಟ್ಟಿದ್ದಾರೆ, ಅಷ್ಟೇ. 'ಒಳ್ಳೇ ಹೆಂಗಸಿನ ಥರ ಅಳ್ತೀಯಲ್ಲೋ' ಅನ್ನೋ ಮಾತು ಕೇಳಿ ಬೆಳೆದ ನಮಗೆ ಅದು ಎಲ್ಲಿಗೆ ತಾಕಬೇಕೋ ಅಲ್ಲಿಗೇ ತಾಕುತ್ತೆ.

ಗಂಡಸರು ಎಲ್ಲಿ? ಮನೆಯೊಳಗೆ. ಜನಾನಾ ಹೋಗಿ 'ಮರ್ದಾನಾ' ಆಗಿದೆ. ಅಡುಗೆ, ಮಕ್ಕಳು, ಮನೆಗೆಲಸ ಅವರ ಪಾಲು. ಇದು ಹೇಗಾಯ್ತು ಅನ್ನೋದೇ ಕಥೆಯ ಕಸುಬುದಾರಿಕೆ. ಹಿಂದೆ ಆ ದೇಶದ ರಾಣಿ ಹೆಣ್ಣುಮಕ್ಕಳಿಗಾಗಿ 2 ವಿಶ್ವವಿದ್ಯಾಲಯ ಮಾಡಿದ್ದಳು. ಒಂದರಲ್ಲಿ ಮೋಡದಿಂದ ನೇರವಾಗಿ ನೀರು ಇಳಿಸಿಕೊಳ್ಳೋ ಬಲೂನು ಮಾಡಿದರು, ಇನ್ನೊಂದರಲ್ಲಿ ಬಿಸಿಲಿನ ಶಾಖ ಕೂಡಿಡೋ ಯಂತ್ರ. ಗಂಡಸರು ಆಗ ಸೈನ್ಯ ಬೆಳೆಸೋದರಲ್ಲಿದ್ದರು, ಇದನ್ನ ನೋಡಿ ನಕ್ಕರು. ಆಮೇಲೆ ಯುದ್ಧ ಬಂತು, ಸೈನ್ಯ ಸೋತಿತು. ಮಹಿಳಾ ಪ್ರಿನ್ಸಿಪಾಲರೊಬ್ಬರು ಮುಂದೆ ಬಂದು, ನಾವು ಹೋಗ್ತೀವಿ, ಆದರೆ ಒಂದು ಷರತ್ತು ಅಂದರು. ನಾವು ಹೊರಗೆ ಕಾಲಿಡೋ ಮುಂಚೆ ಗಂಡಸರೆಲ್ಲ ಒಳಗೆ ಹೋಗಬೇಕು, ಪರದೆಯ ಮರ್ಯಾದೆ ಉಳೀಬೇಕಲ್ಲ! ದಣಿದು ಬಂದಿದ್ದ ಗಂಡಸರು ಒಂದು ಮಾತೂ ಆಡದೆ ಒಳಗೆ ಹೋದರು. ಆಕೆ 2,000 ವಿದ್ಯಾರ್ಥಿನಿಯರ ಜೊತೆ ಹೋಗಿ ಕೂಡಿಟ್ಟ ಬಿಸಿಲನ್ನ ಶತ್ರುಗಳ ಕಡೆ ತಿರುಗಿಸಿದಳು, ಅವರು ಓಡಿಹೋದರು. ಒಳಗೆ ಹೋದ ಗಂಡಸರನ್ನ ಮತ್ತೆ ಹೊರಗೆ ಬಿಡಲೇ ಇಲ್ಲ. ಗಮನಿಸಿ, ರೊಕೆಯಾ ಇಲ್ಲಿ ಹೊಸ ನಿಯಮ ಯಾವುದನ್ನೂ ಮಾಡಿಲ್ಲ. ಇದ್ದ ನಿಯಮವನ್ನೇ ತೆಗೆದುಕೊಂಡು ಇನ್‌ಪುಟ್ ಮಾತ್ರ ಬದಲಾಯಿಸಿದ್ದಾರೆ. ಅಮೆರಿಕದ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ 'ಹರ್‌ಲ್ಯಾಂಡ್' ಬಂದದ್ದು 1915ರಲ್ಲಿ. ಭಾಗಲ್ಪುರ 10 ವರ್ಷ ಮುಂದಿತ್ತು.

ಕಥೆಯ ನಡುವೆ ಒಂದು ವಾದ ಬರುತ್ತೆ. ಬೀದಿಯಲ್ಲಿ ಹೆಣ್ಣಿಗೆ ಅಪಾಯ ಅಂತೀರಿ, ಅಪಾಯ ಮಾಡೋದು ಯಾರು? ಹುಚ್ಚಾಸ್ಪತ್ರೆಯಿಂದ ಹುಚ್ಚರು ತಪ್ಪಿಸಿಕೊಂಡು ಹೊರಗೆ ಬಂದರೆ ಅವರನ್ನ ಹಿಡಿದು ಒಳಗೆ ಹಾಕ್ತೀರೋ, ಇಲ್ಲ ಸರಿಯಾಗಿರೋರನ್ನ ಒಳಗೆ ಹಾಕಿ ಅವರನ್ನ ಹೊರಗೆ ಬಿಡ್ತೀರೋ? ನಾನು ಇದನ್ನ ಓದಿದ್ದು ಚೆನ್ನೈಗೆ ಬಂದ ಮೊದಲ ವರ್ಷ, ಓಎಂಆರ್ ಟ್ರಾಫಿಕ್ಕಲ್ಲಿ ಕ್ಯಾಬಿನಲ್ಲಿ ಕೂತು. ಆಗ ನಾನಿದ್ದ ಕಂಪನಿಯಲ್ಲಿ, ಹೆಸರು ಬೇಡ ಬಿಡಿ, ರಾತ್ರಿ ರಿಲೀಸ್ ಇದ್ದಾಗ ರೋಸ್ಟರಿನಿಂದ ಹೆಣ್ಣುಮಕ್ಕಳ ಹೆಸರು ತೆಗೆದುಬಿಡ್ತಿದ್ದರು. ಕೇಳಿದರೆ ಸೇಫ್ಟಿ. ಒಳ್ಳೇದಕ್ಕೇ ಮಾಡಿದ್ದು, ಕಾಳಜಿಯಿಂದಲೇ. ವರ್ಷದ ಕೊನೆಗೆ ಅಪ್ರೈಸಲ್‌ನಲ್ಲಿ ನನಗೆ ಬಂದ ಫೀಡ್‌ಬ್ಯಾಕ್: ರಿಲೀಸ್ ಸಮಯದಲ್ಲಿ ಓನರ್‌ಶಿಪ್ ತೋರಿಸಲ್ಲ. ಬಾಗಿಲು ಹಾಕಿದವರೇ ಬಂದು ನೀನ್ಯಾಕೆ ಹೊರಗೆ ಬರಲಿಲ್ಲ ಅಂತ ಕೇಳಿದ ಹಾಗಾಯ್ತು. ನಾನು ಎಲ್ಲಾ ತಾರೀಖು ಹಾಕಿ, ಟೇಬಲ್ ಮಾಡಿ, ಉದ್ದದ ಮೇಲ್ ಬರೆದೆ. ಉತ್ತರ ಬರಲಿಲ್ಲ. ಮುಂದಿನ ರಿಲೀಸಿಗೆ ನಮ್ಮ ಟೀಮಿನ ಇನ್ನೊಬ್ಬ ಹುಡುಗಿ ಸ್ಟ್ಯಾಂಡಪ್‌ನಲ್ಲಿ ಎಲ್ಲರ ಮುಂದೆ, 'ಸರ್, ರಾತ್ರಿ ರಸ್ತೇಲಿ ಹುಡುಗರಿಂದ ಅಪಾಯ ಅಂತೀರಲ್ಲ, ಹಾಗಾದ್ರೆ ಹುಡುಗರನ್ನೆಲ್ಲ 7 ಗಂಟೆಗೇ ಮನೆಗೆ ಕಳಿಸಿಬಿಡಿ, ರಸ್ತೆ ಖಾಲಿ ಇರುತ್ತೆ, ರಿಲೀಸ್ ನಾವೇ ಮಾಡ್ತೀವಿ' ಅಂದಳು. ಎಲ್ಲರೂ ನಕ್ಕರು, ಮ್ಯಾನೇಜರೂ ನಕ್ಕರು. ಎರಡು ವಾರದಲ್ಲಿ ರೋಸ್ಟರ್ ಬದಲಾಯ್ತು, ಗೇಟಿನವರೆಗೂ ಕ್ಯಾಬ್ ಬಂತು. ಆ ಹುಡುಗಿ ರೊಕೆಯಾ ಹೆಸರೇ ಕೇಳಿರಲಿಲ್ಲ.

ಆದರೆ ನಗು ಎಲ್ಲಾ ಕಡೆ ನಡೆಯುತ್ತೆ ಅಂತೇನಿಲ್ಲ. ರೊಕೆಯಾ ಅವರೇ ಮೊದಲು ಬಂಗಾಳಿಯಲ್ಲಿ ಒಡವೆಗಳ ಬಗ್ಗೆ ಒಂದು ಲೇಖನ ಬರೆದರು. ಒಡವೆ ಅನ್ನೋದು ಗುಲಾಮಗಿರಿಯ ಬಿಲ್ಲೆ, ಕೈದಿಗೆ ಕಬ್ಬಿಣದ ಬೇಡಿ, ನಮಗೆ ಚಿನ್ನದ ಬಳೆ, ನಾಯಿಗೆ ಕೊರಳಪಟ್ಟಿ, ನಮಗೆ ಹಾರ, ಎತ್ತಿಗೆ ಮೂಗುದಾರ, ನಮಗೆ ಮೂಗುತಿ ಅನ್ನೋ ಧಾಟಿ. ಓದುಗರು ಕೆರಳಿದರು. 1904ರ ಹೊತ್ತಿಗೆ ಅವರ ಪ್ರಬಂಧಗಳ ಮೊದಲ ಪುಸ್ತಕ 'ಮತಿಚೂರ್' ಬಂದಾಗ ಆ ಲೇಖನದ ಕೆಲವು ಪ್ಯಾರಾಗಳು ಅದರಲ್ಲಿ ಇರಲಿಲ್ಲ. (ಹೌದು, ಮೋತಿಚೂರ್ ಲಾಡಿನ ಮೋತಿಚೂರೇ. ಸಿಹಿ ಹೆಸರಿಟ್ಟು ಒಳಗೆ ಮೆಣಸಿನಕಾಯಿ.)

1909ರಲ್ಲಿ ಯಜಮಾನರು ತೀರಿಕೊಂಡರು. ಹೆಣ್ಣುಮಕ್ಕಳ ಶಾಲೆಗೆ ಅಂತ ಅವರು 10,000 ರೂಪಾಯಿ ಬಿಟ್ಟುಹೋಗಿದ್ದರು. ರೊಕೆಯಾ ಭಾಗಲ್ಪುರದಲ್ಲೇ 5 ಹುಡುಗಿಯರಿಂದ ಶಾಲೆ ಶುರು ಮಾಡಿದರು. ಮನೆಯವರ ಆಸ್ತಿ ಜಗಳದಿಂದ ಅಲ್ಲಿ ಇರಲಾಗದೆ ಕಲಕತ್ತೆಗೆ ಬಂದು 1911ರ ಮಾರ್ಚಿನಲ್ಲಿ ಮತ್ತೆ 8 ಹುಡುಗಿಯರಿಂದ ಆರಂಭಿಸಿದರು. 'ಸಖಾವತ್ ಮೆಮೋರಿಯಲ್' ಶಾಲೆ ಇವತ್ತಿಗೂ ಕೋಲ್ಕತಾದಲ್ಲಿದೆ. ಆ ಶಾಲೆ ನಡೆಸೋಕೆ ರೊಕೆಯಾ ತಾವೇ ಪರದೆ ಪಾಲಿಸಿದರು, ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನ ಕಳಿಸಿ ಅಂತ ತಾಯಂದಿರನ್ನ ಬೇಡಿದರು. ಬುರ್ಖಾ ತೊಡೋದರ ಪರವಾಗಿಯೇ ಅವರ ಒಂದು ಪ್ರಬಂಧ ಇದೆ. ಅವರ ಜಗಳ ಇದ್ದದ್ದು ಬಟ್ಟೆಯ ಜೊತೆ ಅಲ್ಲ, ಬೀಗದ ಜೊತೆ. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಈಗ ನಾನು ಹೇಳೋ ಪುಸ್ತಕವನ್ನ 'ಅವರ ಮನೆ ಕಥೆ' ಅಂತ ಕೇಳಿಸಿಕೊಳ್ಳೋ ಚಪಲ ಕೆಲವರಿಗೆ ಬರುತ್ತೆ.

ಪುಸ್ತಕದ ಹೆಸರು 'ಅವರೋಧ್‌ಬಾಸಿನಿ', ಅಂದ್ರೆ ಅಂತಃಪುರದಲ್ಲಿ ಬಂಧಿಯಾಗಿರೋಳು. 1931ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿರೋದು 47 ಘಟನೆ. ಕಥೆಗಳಲ್ಲ, ಘಟನೆ. ಒಂದು, ಎರಡು, ಮೂರು ಅಂತ ನಂಬರ್ ಹಾಕಿ, ಬಹುತೇಕ ಒಂದೊಂದು ಪುಟ ಕೂಡ ಬಾರದಷ್ಟು ಚಿಕ್ಕದಾಗಿ. ಏನಾಯ್ತು, ಎಲ್ಲಿ ಆಯ್ತು, ಯಾರು ಏನಂದರು, ಮುಗೀತು. ನನ್ನ ಕಸುಬಿನ ಕಣ್ಣಿಗೆ ಇದು ಬಗ್ ಲಿಸ್ಟ್ ಥರಾನೇ ಕಾಣುತ್ತೆ. ನಾವು ಹೆಣ್ಣುಮಕ್ಕಳು ಏನಾದ್ರೂ ಹೇಳಿದ ತಕ್ಷಣ 'ಅದು ನಿಮ್ಮ ವೈಯಕ್ತಿಕ ಅನುಭವ, ಡೇಟಾ ಎಲ್ಲಿ' ಅನ್ನೋರು ಇರ್ತಾರಲ್ಲ, ಡೆವಲಪರ್ 'ನನ್ನ ಮೆಷಿನ್ನಲ್ಲಿ ಸರಿಯಾಗಿ ಓಡ್ತಿದೆ' ಅಂದ ಹಾಗೆ. ಅದಕ್ಕೆ ರೊಕೆಯಾ ವಾದ ಮಾಡಲ್ಲ. 47 ಟಿಕೆಟ್ ತೆಗೆದು ಮುಂದಿಡ್ತಾರೆ.

ಒಂದೆರಡು ಹೇಳ್ತೀನಿ. ಹಜ್ ಯಾತ್ರೆಗೆ ಹೊರಟ ಕುಟುಂಬ. ಸ್ಟೇಷನ್ನಿನಲ್ಲಿ ಬುರ್ಖಾ ತೊಟ್ಟ ಹೆಂಗಸರನ್ನ ಸಾಲಾಗಿ ಕೂರಿಸಿ, ಅದೂ ಸಾಲದು ಅಂತ ಮೇಲೊಂದು ದಪ್ಪ ಜಮಖಾನ ಹೊದಿಸಿದ್ದಾರೆ. ಇಂಗ್ಲಿಷ್ ರೈಲ್ವೆ ಅಧಿಕಾರಿ ಬಂದು ಆ ಗಂಟಿಗೆ ಬೂಟುಗಾಲಲ್ಲಿ ಒದ್ದು, ನಿನ್ನ ಸಾಮಾನು ಇಲ್ಲಿಂದ ತೆಗಿ ಅಂತಾನೆ. ಯಜಮಾನ ಕೈಮುಗಿದು, ಹುಜೂರ್, ಅದು ಸಾಮಾನಲ್ಲ, ಹೆಂಗಸರು ಅಂತಾನೆ. ಒಳಗಿನಿಂದ ಒಂದು ಉಸಿರಿನ ಸದ್ದೂ ಇಲ್ಲ.

ಇನ್ನೊಂದು ಹಿಂದೂ ಮನೆಯದು. ಸೊಸೆಯೊಬ್ಬಳು ಅತ್ತೆ, ಗಂಡನ ಜೊತೆ ಗಂಗಾಸ್ನಾನಕ್ಕೆ ಹೋಗಿದ್ದಾಳೆ. ವಾಪಸು ಬರುವಾಗ ಜನಜಂಗುಳಿಯಲ್ಲಿ ತಪ್ಪಿಸಿಕೊಂಡು ಯಾರೋ ಒಬ್ಬನ ಹಿಂದೆ ಹೋಗಿಬಿಟ್ಟಿದ್ದಾಳೆ. ಪೊಲೀಸು ಬಂದು ಅವನನ್ನ ಹಿಡಿದು, ಯಾರದೋ ಹೆಂಡತೀನ ಹಾರಿಸಿಕೊಂಡು ಹೋಗ್ತಿದೀಯಾ ಅಂದಾಗಲೇ ಅವನು ಹಿಂದೆ ತಿರುಗಿ ನೋಡಿದ್ದು. ವಿಚಾರಿಸಿದರೆ ಸೊಸೆ ಹೇಳ್ತಾಳೆ: ನಾನು ಯಾವತ್ತೂ ಮುಸುಕು ತೆಗೆದಿಲ್ಲ, ಗಂಡನ ಮುಖ ಸರಿಯಾಗಿ ನೋಡಿಲ್ಲ. ಅವರ ಪಂಚೆಗೆ ಹಳದಿ ಅಂಚಿತ್ತು, ಇವರ ಪಂಚೆಗೂ ಹಳದಿ ಅಂಚಿತ್ತು.

ನಗ್ತಿದೀರಾ? ನಾನೂ ನಕ್ಕೆ. ಆಮೇಲೆ ನಮ್ಮಜ್ಜಿ ನೆನಪಾದರು. ಅಜ್ಜಿ ತಾತನ ಹೆಸರು ಬಾಯಲ್ಲಿ ಹೇಳ್ತಿರಲಿಲ್ಲ, ಹೇಳಿದರೆ ಆಯಸ್ಸು ಕಮ್ಮಿ ಅಂತ. ರೇಷನ್ ಕಾರ್ಡ್ ಬರೆಸೋಕೆ ಹೋದಾಗ ಗಂಡನ ಹೆಸರೇನಮ್ಮ ಅಂತ ಕೇಳಿದ್ದಕ್ಕೆ 'ಅದೇ, ತಿರುಪತಿ ಬೆಟ್ಟದ ಮೇಲಿರೋನು' ಅಂದರಂತೆ. ತಾತನ ಹೆಸರು ವೆಂಕಟರಮಣ. ಬರೆಯೋನು ಶ್ರೀನಿವಾಸ ಅಂತ ಬರೆದುಕೊಂಡ. ಮುಂದೆ ಎಷ್ಟೋ ವರ್ಷ ನಮ್ಮನೆ ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಾ ಬಂದದ್ದು ಆ ಶ್ರೀನಿವಾಸನ ಹೆಸರಲ್ಲಿ. ನಮ್ಮಲ್ಲಿ ಇದನ್ನ ಮದುವೆ ಮನೆಗಳಲ್ಲಿ ಹೇಳಿಕೊಂಡು ನಗ್ತೀವಿ. ಹಳದಿ ಅಂಚಿನ ಪಂಚೆಗೂ ಇದಕ್ಕೂ ಬಹಳ ದೂರ ಇಲ್ಲ.

ರೊಕೆಯಾ ಪುಸ್ತಕದಲ್ಲಿ ಮುಂದಿನ ಪುಟ ತಿರುಗಿಸಿದರೆ ನಗು ಗಂಟಲಲ್ಲೇ ನಿಲ್ಲುತ್ತೆ. ಅವರ ಯಜಮಾನರ ಕಡೆಯ ದೂರದ ಸಂಬಂಧದ ಅತ್ತೆಯೊಬ್ಬರು ಭಾಗಲ್ಪುರದಿಂದ ಪಟ್ನಾಗೆ ಹೊರಟಿದ್ದಾರೆ. ಕಿಯೂಲ್ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸುವಾಗ ಬುರ್ಖಾ ಕಾಲಿಗೆ ತೊಡರಿ ಹಳಿ ಮೇಲೆ ಬಿದ್ದರು. ಕೂಲಿಗಳು ಎತ್ತೋಕೆ ಓಡಿಬಂದರೆ ಜೊತೆಯಲ್ಲಿದ್ದ ದಾಸಿ, ಖಬರ್ದಾರ್, ಮುಟ್ಟಬೇಡಿ ಅಂತ ತಡೆದಳು. ಅವಳೊಬ್ಬಳಿಂದ ಎತ್ತೋಕಾಗಲ್ಲ. ರೈಲು ಅರ್ಧ ಗಂಟೆ ಕಾದು, ಹೊರಟಿತು. ಸ್ಟೇಷನ್ ತುಂಬ ಜನ ನಿಂತು ನೋಡಿದರು. ಇದನ್ನೂ ಅದೇ ದನಿಯಲ್ಲೇ ಬರೆದಿದ್ದಾರೆ. ದನಿ ಏರಿಸಲ್ಲ, ವಿಶೇಷಣ ಸೇರಿಸಲ್ಲ. ಜಮಖಾನದ ಘಟನೆಯಲ್ಲಿ ನಗಿಸಿದ ಅದೇ ತರ್ಕ ಇಲ್ಲಿ ಒಬ್ಬರನ್ನ ಕೊಂದಿದೆ. ಮೊದಲನೆಯದಕ್ಕೆ ನಗದೇ ಇದ್ದಿದ್ದರೆ ಎರಡನೆಯದು ಇಷ್ಟು ಚುಚ್ಚುತ್ತಿರಲಿಲ್ಲ ಅಂತ ನನಗನ್ನಿಸುತ್ತೆ.

ಮಧ್ಯದಲ್ಲಿ ತಮ್ಮದೇ ಬಾಲ್ಯದ ಘಟನೆಯೂ ಇದೆ. 5 ವರ್ಷಕ್ಕೇ ಅವರಿಗೆ ಪರದೆ, ಅದೂ ಮನೆಗೆ ಬಂದ ಹೊರಗಿನ ಹೆಂಗಸರಿಂದಲೂ! ಬಿಹಾರದಿಂದ ಬಂದ ಇಬ್ಬರು ಕೆಲಸದಾಕೆಯರಿಗೆ ಮನೆಯಲ್ಲೆಲ್ಲ ಓಡಾಡೋ ಸ್ವಾತಂತ್ರ್ಯ ಇತ್ತು. ಇವರು 4 ದಿನ ಮೇಲಿನ ಅಟ್ಟದ ಕೋಣೆಯಲ್ಲಿ ಮುರುಕು ಮಂಚದ ಕೆಳಗೆ. ಇವರದೇ ವಯಸ್ಸಿನ ಅಕ್ಕನ ಮಗ ನೆನಪಾದಾಗ ಬಂದು ಏನಾದ್ರೂ ತಿನ್ನೋಕೆ ಕೊಟ್ಟು ಹೋಗ್ತಿದ್ದ. ದೊಡ್ಡವರಾದ ಮೇಲೆ ಆ ಪುಟ್ಟ ಹುಡುಗಿಯನ್ನ ನೆನೆದು ಕಣ್ಣೀರಿಡಬಹುದಿತ್ತು. ಹಾಗೆ ಮಾಡದೆ, ಆ ಕೆಲಸದಾಕೆಯರಿಗೆ ಪಾಸ್‌ಪೋರ್ಟ್ ಇತ್ತು, ನನಗಿರಲಿಲ್ಲ ಅನ್ನೋ ಧಾಟಿಯಲ್ಲಿ ಬರೀತಾರೆ.

ಈ ದಾರಿಯಲ್ಲಿ ಅವರೊಬ್ಬರೇ ಅಲ್ಲ. ಪುಣೆಯಲ್ಲಿರೋರಿಗಾಗಿ ಹೇಳೋದಾದ್ರೆ, 1882ರಲ್ಲೇ ನಿಮ್ಮೂರಲ್ಲಿ ಅಚ್ಚಾದ 'ಸ್ತ್ರೀ ಪುರುಷ ತುಲನಾ' ಇದೆ. ಬರೆದ ತಾರಾಬಾಯಿ ಶಿಂಧೆ ಬುಲ್ಡಾಣದವರು. ಸೂರತ್ತಿನ ವಿಧವೆಯೊಬ್ಬಳಿಗೆ ಶಿಕ್ಷೆಯಾದಾಗ ಪತ್ರಿಕೆಗಳು ಹೆಣ್ಣುಕುಲವನ್ನೇ ಬೈದವು. ಹೆಣ್ಣಿನ ಮೇಲೆ ಹೊರಿಸಿದ ದೋಷಗಳನ್ನ ತಾರಾಬಾಯಿ ಒಂದೊಂದಾಗಿ ತೆಗೆದು ಗಂಡಸರಿಗೆ ಹೊಂದಿಸಿ ನೋಡಿದರು, ಸರಿಯಾಗಿ ಹೊಂದಿತು. ಅದು ನಗುವಿಗಿಂತ ಬೈಗುಳ, ನನಗೆ ಬಹಳ ಇಷ್ಟವಾದ ಬೈಗುಳ. ಜ್ಯೋತಿಬಾ ಫುಲೆ ಅವರ ಪರ ನಿಂತರು, ಆದರೂ ಪುಸ್ತಕ ಮರೆತುಹೋಗಿ 1975ರಲ್ಲಿ ಮತ್ತೆ ಅಚ್ಚಾಯಿತು. ಲಕ್ಷ್ಮೀಬಾಯಿ ಟಿಳಕರ 'ಸ್ಮೃತಿಚಿತ್ರೆ', 1930ರ ದಶಕದ ಮರಾಠಿ ಆತ್ಮಕಥೆ, ಇನ್ನೊಂದು ಬಗೆ. ಮಡಿಯ ಹುಚ್ಚು ಹಿಡಿದ ಅಪ್ಪ ಉಪ್ಪನ್ನೂ ತೊಳೆಸುತ್ತಿದ್ದರು ಅನ್ನೋದರಿಂದ ಶುರುವಾಗುತ್ತೆ ಅವರ ತಮಾಷೆ. ನಮ್ಮಲ್ಲಿ ರಾಶಿಯವರು 1942ರಲ್ಲಿ ಆರಂಭಿಸಿದ 'ಕೊರವಂಜಿ'ಯಲ್ಲಿ ಟಿ. ಸುನಂದಮ್ಮನವರು ಮನೆಯೊಳಗಿನ ಹಾಸ್ಯ ಬರೆದರು. ಅವರದು ಮೃದು ನಗು, ಅವರ ಬಗ್ಗೆ ಬೇರೆಯದೇ ಸಂಚಿಕೆ ಬೇಕು.

ಮತ್ತೆ ಕಲಕತ್ತೆಗೆ ಬರೋಣ, ಆ ಪುಸ್ತಕದ ಕೊನೆಯ, ಅಂದ್ರೆ 47ನೇ ಘಟನೆಗೆ. ಅದು ಶಾಲಾ ಬಸ್ಸಿನದು. ಹುಡುಗಿಯರನ್ನ ಕರೆತರೋಕೆ ಶಾಲೆ ಒಂದು ಮೋಟಾರು ಬಸ್ಸು ಮಾಡಿಸಿತು. ಪರದೆಗೆ ಭಂಗ ಬರಬಾರದು ಅಂತ ಸುತ್ತ ಮುಚ್ಚಿ, 3 ಇಂಚು ಅಗಲ ಒಂದೂವರೆ ಅಡಿ ಉದ್ದದ ಜಾಲರಿ ತುಂಡುಗಳನ್ನ ಮಾತ್ರ ಬಿಟ್ಟಿದ್ದರು. ಅವಿಲ್ಲದಿದ್ದರೆ ಏರ್‌ಟೈಟ್ ಅನ್ನಬಹುದಿತ್ತು ಅಂತಾರೆ ರೊಕೆಯಾ. ಮೊದಲ ದಿನ ಹುಡುಗಿಯರು ವಾಂತಿ ಮಾಡಿಕೊಂಡರು, ಚಿಕ್ಕವರು ಕತ್ತಲಿಗೆ ಹೆದರಿ ಅತ್ತರು. ಎರಡನೇ ದಿನ ಶಿಕ್ಷಕಿ ಬಾಗಿಲ ಪಟ್ಟಿ ಇಳಿಸಿ ಬಣ್ಣದ ಪರದೆ ಕಟ್ಟಿದರು. ಆದರೂ ಎರಡು ಮೂರು ಮಂದಿಗೆ ಪ್ರಜ್ಞೆ ತಪ್ಪಿತು. ಮಧ್ಯಾಹ್ನ ಪಕ್ಕದ ಕಿಟಕಿಗಳನ್ನೂ ತೆಗೆದು ಬಟ್ಟೆ ಕಟ್ಟಿದರು. ಸಂಜೆ ಬಂದ ಹಳೆಯ ಗೆಳತಿಯೊಬ್ಬರು, ನಿಮ್ಮ ಬಸ್ಸು ಚೆನ್ನಾಗಿದೆ, ರಸ್ತೇಲಿ ನೋಡಿ ಯಾವುದೋ ದೊಡ್ಡ ಬೀರು ಹೋಗ್ತಿದೆ ಅಂದುಕೊಂಡೆ ಅಂದರು. ಮೂರನೇ ದಿನ ತಾಯಂದಿರು ಬಂದು, ಮಕ್ಕಳನ್ನ ಜೀವಂತ ಗೋರಿಗೆ ತುಂಬ್ತಿದೀರಿ ಅಂತ ಜಗಳವಾಡಿದರು. ಹೀಗೆ ಮಾಡದಿದ್ದರೆ ಪರದೆ ಇಲ್ಲದ ಗಾಡಿ ಅಂತ ನೀವೇ ಹೇಳ್ತಿದ್ರಲ್ಲ ಅಂತ ಇವರು.

ಅದೇ ಸಂಜೆಯ ಅಂಚೆಯಲ್ಲಿ 4 ಕಾಗದ ಬಂದವು, ಒಂದು ಇಂಗ್ಲಿಷಲ್ಲಿ, 3 ಉರ್ದುವಿನಲ್ಲಿ. ಎಲ್ಲದರಲ್ಲೂ ಒಂದೇ ವಿಷಯ. ಬಸ್ಸಿನ ಪಕ್ಕದ ಬಟ್ಟೆ ಗಾಳಿಗೆ ಹಾರುತ್ತೆ, ನಾಳೆಯೊಳಗೆ ಸರಿ ಮಾಡದಿದ್ದರೆ ಪತ್ರಿಕೆಗಳಲ್ಲಿ ಶಾಲೆಯ ಮಾನ ಕಳೀತೀವಿ. ಆ ಪತ್ರಿಕೆಗಳಿಗೆ ರೊಕೆಯಾ ತಾವೇ ಹೆಸರು ಕಟ್ಟಿದ್ದಾರೆ: 'ಖಬೀಸ್', 'ಪಲೀದ್'. ದುಷ್ಟ, ಹೊಲಸು ಅಂತ ಅರ್ಥ. ಕಾಗದ ಬರೆದವರು ಶಾಲೆಯ ಮೇಲಿನ ದಯೆಯಿಂದ ಹೀಗೆ ಬರೆದಿದ್ದಾರೆ ಅಂತಲೂ ಸೇರಿಸ್ತಾರೆ. ಈ ಕಡೆ ಮಕ್ಕಳಿಗೆ ಉಸಿರಿಲ್ಲ, ಆ ಕಡೆ ಶಾಲೆಗೆ ಬೀಗ. ನಡುವೆ ಒಬ್ಬ ಹೆಂಗಸು ಬಟ್ಟೆಯ ಅಳತೆ ಹಿಡಿದು ನಿಂತಿದ್ದಾಳೆ. ಪುಸ್ತಕ ಸರಿಸುಮಾರು ಅಲ್ಲಿಗೇ ನಿಲ್ಲುತ್ತೆ. ಬಸ್ಸು ಓಡಿತು, ಶಾಲೆಯೂ ಉಳಿಯಿತು.

1932ರ ಡಿಸೆಂಬರ್ 9ರಂದು ಅವರು ತೀರಿಕೊಂಡರು. ಹಿಂದಿನ ರಾತ್ರಿ ಬರೀತಿದ್ದ 'ನಾರೀರ್ ಅಧಿಕಾರ್' ಅನ್ನೋ ಪ್ರಬಂಧ ಅರ್ಧಕ್ಕೇ ನಿಂತಿತ್ತು. 'ಸುಲ್ತಾನಾಸ್ ಡ್ರೀಮ್' ಅವರು ಇಂಗ್ಲಿಷಲ್ಲೇ ಬರೆದದ್ದು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ, ಮೆಟ್ರೋದಲ್ಲಿ ಮನೆಯಿಂದ ಆಫೀಸಿಗೆ ಹೋಗೋಷ್ಟರಲ್ಲಿ ಮುಗಿಯುತ್ತೆ. ಒಂದು ಚುಟ್ಟದಷ್ಟು ಹೊತ್ತು. ಮುಂದಿನ ಸಂಚಿಕೆ ಸುನಂದಮ್ಮನವರ ಮೇಲೆ. ಹಳೇ 'ಕೊರವಂಜಿ' ಸಂಚಿಕೆಗಳು ಯಾರ ಮನೆಯ ಅಟ್ಟದಲ್ಲಾದ್ರೂ ಇದ್ದರೆ ತಿಳಿಸಿ, ಬರ್ತೀನಿ.